'ಅದು ಹಾಗೇ' ಅನ್ನಬೇಡಿ, ಕಾರಣ ಹೇಳಿ

ಬೆಂಗಳೂರಿನಲ್ಲಿ ಕನ್ನಡ ಕಲಿಯುತ್ತಿರುವವರು ಏನಾದರೂ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಬಹಳಷ್ಟು ಜನ ಕೊಡುವ ಉತ್ತರ ಒಂದೇ. "ಅದು ಹಾಗೇ, ನಾವು ಹಾಗೇ ಹೇಳೋದು." ಕೇಳಿದವರು ತಲೆಯಾಡಿಸುತ್ತಾರೆ. ಮುಂದಿನ ಸಲ ಕೇಳುವುದಿಲ್ಲ.

ನನಗೆ ಇದು ನಿಜವಾಗಿಯೂ ಬೇಜಾರಿನ ವಿಷಯ. ಆ 'ಹಾಗೇ' ಹಿಂದೆ ಹೆಚ್ಚುಕಡಿಮೆ ಯಾವಾಗಲೂ ಒಂದು ಲೆಕ್ಕ ಇರುತ್ತದೆ. ಚಿಕ್ಕಂದಿನಿಂದ ಆಡಿಕೊಂಡು ಬಂದಿರುವುದರಿಂದ ನಮ್ಮ ಕಣ್ಣಿಗೆ ಅದು ಬೀಳುವುದಿಲ್ಲ. ಹೊಸದಾಗಿ ಕಲಿಯುವವರಿಗೆ ತಟ್ಟಂತ ಕಾಣುತ್ತದೆ. ಅವರು ಕೇಳಿದಾಗ ಒಂದು ನಿಮಿಷ ನಿಂತು, ಬಾಯಲ್ಲೇ ನಾಲ್ಕು ವಾಕ್ಯ ಹೇಳಿ ನೋಡಿಕೊಂಡರೆ ಸಾಕು, ಕಾರಣ ತಾನಾಗಿ ಸಿಗುತ್ತದೆ. ವ್ಯಾಕರಣದ ಪುಸ್ತಕ ತೆರೆಯಬೇಕಾಗಿಯೂ ಇಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಿಗ್ಗೆ ಒಂದಷ್ಟು ಜನ ಸೇರಿ ಕನ್ನಡ ಮಾತಾಡುತ್ತೇವೆ. ಪುಣೆಯವರಿದ್ದಾರೆ, ಲಕ್ನೋದವರಿದ್ದಾರೆ, ವಿಜಯವಾಡ, ಕೊಚ್ಚಿ, ಕೋಲ್ಕತ್ತಾ ಕಡೆಯವರೂ ಇದ್ದಾರೆ. ಕೆಲವರಿಗೆ ಆಟೋ ಹತ್ತಿ ಇಳಿಯುವಷ್ಟು ಬಂದರೆ ಸಾಕು, ಇನ್ನು ಕೆಲವರಿಗೆ ಅತ್ತೆ ಮಾವನ ಜೊತೆ ಕೂತು ಮಾತಾಡಬೇಕು. ಅಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ. ಉತ್ತರ ಹೇಳಬೇಕಾಗಿ ಬರುವ ಕನ್ನಡದವರಿಗೆ ಉಪಯೋಗಕ್ಕೆ ಬರಲಿ ಅಂತ.

ಮೊದಲು ಬರುವುದು ಸಾಮಾನ್ಯವಾಗಿ ಬಸ್ಸಿನ ಪ್ರಶ್ನೆ. ಮಲ್ಲೇಶ್ವರಕ್ಕೆ ಅಂತೀರಿ, ಬಸವನಗುಡಿಗೆ ಅಂತೀರಿ, ಹಲಸೂರಿಗೆ ಅಂತೀರಿ. ಯಾವಾಗ ಯಾವುದು? ಹೆಸರು ಯಾವ ಸದ್ದಿನಲ್ಲಿ ಮುಗಿಯುತ್ತದೆ ನೋಡಿ. 'ಅ' ಅಂತ ಮುಗಿದರೆ 'ಕ್ಕೆ': ಜಯನಗರಕ್ಕೆ, ಯಶವಂತಪುರಕ್ಕೆ, ಕೋರಮಂಗಲಕ್ಕೆ, ಹೆಬ್ಬಾಳಕ್ಕೆ. 'ಇ' ಅಥವಾ 'ಎ' ಬಂದರೆ ಬರೀ 'ಗೆ': ಕೆಂಗೇರಿಗೆ, ದೇವನಹಳ್ಳಿಗೆ, ಮನೆಗೆ. 'ಉ' ಬಂದರೆ ಆ 'ಉ' ಹೋಗಿ 'ಇಗೆ' ಬರುತ್ತದೆ: ಬೆಳ್ಳಂದೂರಿಗೆ, ಮೈಸೂರಿಗೆ, ಊರಿಗೆ. ಮೆಜೆಸ್ಟಿಕ್, ವೈಟ್‌ಫೀಲ್ಡ್ ತರಹದ ಇಂಗ್ಲಿಷ್ ಹೆಸರಿಗೆ ಸುಮ್ನೆ 'ಗೆ' ಅಂಟಿಸುತ್ತೇವೆ. ಇಷ್ಟು ತಿಳಿದರೆ ಉಳಿದದ್ದೂ ಸುಲಭ, ಯಾಕೆಂದರೆ ಇದೇ ಮೂರು ಗುಂಪು 'ಅಲ್ಲಿ'ಗೂ ನಡೆಯುತ್ತದೆ, 'ಇಂದ'ಕ್ಕೂ ನಡೆಯುತ್ತದೆ: ಮಲ್ಲೇಶ್ವರದಲ್ಲಿ, ಬಸವನಗುಡಿಯಲ್ಲಿ, ಹಲಸೂರಿನಲ್ಲಿ, ಮಲ್ಲೇಶ್ವರದಿಂದ, ಬಸವನಗುಡಿಯಿಂದ, ಹಲಸೂರಿನಿಂದ. ಬಿಎಂಟಿಸಿ ಬಸ್ಸಿನ ಬೋರ್ಡು ಓದುತ್ತಾ ಕೂತರೆ ಅರ್ಧ ಗಂಟೆಯಲ್ಲಿ ಕೈಗೆ ಹತ್ತುತ್ತದೆ.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಚುರುಕಾದವರು ಒಬ್ಬರು ಕೇಳಿಯೇ ಕೇಳುತ್ತಾರೆ. ಅಪ್ಪ, ಅಮ್ಮ, ಅಣ್ಣ ಎಲ್ಲಾ 'ಅ' ಅಂತಲೇ ಮುಗಿಯುತ್ತಲ್ಲ, ಮತ್ತೆ 'ಅಪ್ಪಕ್ಕೆ' ಅಂತ ಯಾಕೆ ಅನ್ನಲ್ಲ? ಇದು ಒಳ್ಳೆಯ ಪ್ರಶ್ನೆ. 'ಕ್ಕೆ' ಇರುವುದು ವಸ್ತುಗಳಿಗೆ, ಜಾಗಗಳಿಗೆ, ಪ್ರಾಣಿಗಳಿಗೆ. ಮರಕ್ಕೆ, ಕೆಲಸಕ್ಕೆ, ಮೊಲಕ್ಕೆ. ಮನುಷ್ಯರಾದರೆ 'ನಿಗೆ': ಅಪ್ಪನಿಗೆ, ಅಕ್ಕನಿಗೆ, ಹುಡುಗನಿಗೆ. ಅಂದರೆ ನಾವು ಬಾಯಿ ತೆರೆಯುವ ಮೊದಲೇ ಎದುರಿಗಿರುವುದು ಮನುಷ್ಯರೋ ಅಲ್ಲವೋ ಅಂತ ಭಾಷೆ ವಿಂಗಡಿಸಿಕೊಂಡಿರುತ್ತದೆ. ಆಕಾಶದಲ್ಲಿರುವ ಇಬ್ಬರು ಈ ವಿಂಗಡಣೆಯಲ್ಲಿ ನಮ್ಮ ಕಡೆ ಬರುತ್ತಾರೆ ನೋಡಿ. ಸೂರ್ಯನಿಗೆ, ಚಂದ್ರನಿಗೆ. 'ಸೂರ್ಯಕ್ಕೆ' ಅಂತ ಯಾರೂ ಅನ್ನುವುದಿಲ್ಲ. ಸೂರ್ಯ ಮುಳುಗಿದ, ಚಂದ್ರ ಬಂದ ಅಂತಲೇ ಹೇಳುವುದು. ಮಗು ಮಾತ್ರ ಆ ಕಡೆ ಉಳಿದುಕೊಂಡಿದೆ. ಮಗು ಅಳ್ತಾ ಇದೆ, ಮಗು ಬಂತು.

ಇನ್ನು ಇಲ್ಲ ಮತ್ತು ಅಲ್ಲ. ಹಿಂದಿಯವರಿಗೂ ತಮಿಳಿನವರಿಗೂ ಇದು ಕಷ್ಟ, ಯಾಕೆಂದರೆ ಅವರ ಆಡುಮಾತಿನಲ್ಲಿ ಎರಡು ಕೆಲಸವನ್ನೂ ಒಂದೇ ಮಾತು ಮಾಡುತ್ತದೆ. ಮಲಯಾಳದವರಿಗೆ ಕೇಳಿದ ಕೂಡಲೇ ಗೊತ್ತಾಗುತ್ತದೆ, ಅವರಲ್ಲೂ ಇಲ್ಲ ಅಲ್ಲ ಎರಡೂ ಇವೆ. ತೆಲುಗಿನವರಲ್ಲಿ ಲೇದು ಇದೆ, ಕಾದು ಇದೆ, ಹಾಗಾಗಿ ಅವರಿಗೂ ತೊಂದರೆ ಇಲ್ಲ. ಉಳಿದವರಿಗೆ ನಾನು ಆಫೀಸಿನ ಉದಾಹರಣೆ ಕೊಡುತ್ತೇನೆ. ಫೋನ್ ಬರುತ್ತದೆ, ಯಾರೋ ಮ್ಯಾನೇಜರನ್ನು ಕೇಳುತ್ತಾರೆ. "ಮ್ಯಾನೇಜರ್ ಇಲ್ಲ" ಅಂದರೆ ಅವರು ಈಗ ಸೀಟಿನಲ್ಲಿಲ್ಲ, ಆಮೇಲೆ ಮಾಡಿ. "ನಾನು ಮ್ಯಾನೇಜರ್ ಅಲ್ಲ" ಅಂದರೆ ನೀವು ಅಂದುಕೊಂಡವರು ನಾನಲ್ಲ. ಒಂದು ಇರುವಿಕೆಯನ್ನು ಅಳಿಸುತ್ತದೆ, ಇನ್ನೊಂದು ಗುರುತನ್ನು ಅಳಿಸುತ್ತದೆ. ದರ್ಶಿನಿಯಲ್ಲಿ "ಕಾಫಿ ಇಲ್ಲ" ಅಂದರೆ ಮುಗಿದಿದೆ. "ಇದು ಕಾಫಿ ಅಲ್ಲ" ಅಂದರೆ ನಿಮ್ಮ ಕೈಗೆ ಟೀ ಬಂದಿದೆ.

ಆದರೆ ಅಲ್ಲಿಗೇ ನಿಲ್ಲಿಸಬಾರದು. ಅಲ್ಲ ಮಾಡುವ ಇನ್ನೊಂದು ಕೆಲಸವನ್ನು ಯಾರೂ ಹೇಳಿಕೊಡುವುದಿಲ್ಲ. ವಾಕ್ಯದ ಒಂದು ತುಂಡನ್ನು ಮಾತ್ರ ಹಿಡಿದು ತಪ್ಪು ಅನ್ನಬೇಕಾದಾಗ ಅಲ್ಲ ಬೇಕು. "ನಾನು ಹೇಳಿದ್ದು ನಿಮಗಲ್ಲ, ಅವರಿಗೆ." "ಅವನು ಬಂದಿದ್ದು ನಿನ್ನೆ ಅಲ್ಲ, ಮೊನ್ನೆ." ಹೇಳಿದ್ದು ನಿಜ, ಬಂದಿದ್ದೂ ನಿಜ, ಯಾರಿಗೆ ಯಾವಾಗ ಅನ್ನುವುದು ಮಾತ್ರ ತಪ್ಪು. ಇದು ಒಂದು ಸಲ ಹೊಳೆದರೆ ಕಲಿಯುವವರ ಮಾತು ಒಮ್ಮೆಗೇ ಎಷ್ಟೋ ಸಲೀಸಾಗುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ.

ಈಗ ನನಗೆ ಬಹಳ ಇಷ್ಟವಾದದ್ದಕ್ಕೆ ಬರುತ್ತೇನೆ. ಬರಲ್ಲ, ಬರಲಿಲ್ಲ, ಬಂದಿಲ್ಲ, ಬರ್ತಿಲ್ಲ. ಕಲಿಯುವವರು ಇವನ್ನು ನೋಡಿ ಕೈ ಚೆಲ್ಲುತ್ತಾರೆ. ನಾನು ನಲ್ಲಿ ನೀರಿನ ಮೇಲೆ ಹೇಳುತ್ತೇನೆ, ಯಾಕೆಂದರೆ ಈ ಊರಿನಲ್ಲಿ ಯಾವ ಬಡಾವಣೆಯವರಿಗಾದರೂ ಅದು ಅರ್ಥವಾಗುತ್ತದೆ. ದಿನ ಬಿಟ್ಟು ದಿನ ಕಾವೇರಿ ನೀರು ಬಿಡುವ ಬೀದಿ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿ "ನೀರು ಬಂದಿಲ್ಲ" ಅಂದರೆ ಇನ್ನೂ ಕಾಯುತ್ತಿದ್ದೀರಿ, ಬರುವ ಹೊತ್ತು ಇನ್ನೂ ಮುಗಿದಿಲ್ಲ. "ನಿನ್ನೆ ನೀರು ಬರಲಿಲ್ಲ" ಅಂದರೆ ಆ ಬಾಗಿಲು ಮುಚ್ಚಿಯಾಯಿತು, ನಿನ್ನೆಯ ಲೆಕ್ಕ ಮುಗಿಯಿತು, ಟ್ಯಾಂಕರ್ ಕರೆಸಿದಿರೋ ಇಲ್ಲವೋ ಅದು ಬೇರೆ ಮಾತು. "ಇವತ್ತು ನೀರು ಬರಲ್ಲ" ಅಂದರೆ ಕಾಯಬೇಡಿ, ಇವತ್ತು ನಮ್ಮ ಬೀದಿಯ ಸರದಿ ಅಲ್ಲ. "ನೀರು ಬರ್ತಿಲ್ಲ" ಅಂದರೆ ಈ ಗಳಿಗೆಯಲ್ಲಿ ಬರುತ್ತಿರಬೇಕಾಗಿತ್ತು, ಬರುತ್ತಿಲ್ಲ, ಪೈಪಿನಲ್ಲೋ ವಾಲ್ವಿನಲ್ಲೋ ಏನೋ ಆಗಿದೆ. ನಾಲ್ಕೂ ಬೇರೆ ಬೇರೆ ಸುದ್ದಿ. ಇವುಗಳಲ್ಲಿ ಒಂದರ ಬದಲು ಇನ್ನೊಂದನ್ನು ವಾಚ್‌ಮನ್‌ಗೆ ಹೇಳಿದರೆ ಅವರು ಮಾಡುವ ಕೆಲಸವೇ ಬೇರೆಯಾಗುತ್ತದೆ. ಬಂದಿಲ್ಲ ಅಂದರೆ ಸಂಪು ನೋಡಿಕೊಂಡು ಸುಮ್ಮನಿರುತ್ತಾರೆ, ಬರ್ತಿಲ್ಲ ಅಂದರೆ ಪ್ಲಂಬರಿಗೆ ಫೋನ್ ಮಾಡುತ್ತಾರೆ.

ಆಮೇಲೆ ಪಕ್ಕದ ಮನೆಯ ಅಜ್ಜಿ ಬಂದು "ಸಂಜೆಗೆ ಬಂದೀತು ಬಿಡು" ಅನ್ನುತ್ತಾರೆ. ಇದು ಯಾವ ಕಾಲ? ಬಂದ ಅಂದರೆ ಆಗಿಹೋದದ್ದು, ಸಂಜೆ ಅಂದರೆ ಮುಂದೆ ಬರುವುದು. ಎರಡೂ ಒಂದೇ ವಾಕ್ಯದಲ್ಲಿ ಹೇಗೆ? ಬಂದೀತು ಅನ್ನುವುದು ಆದರೂ ಆಗಬಹುದಾದದ್ದನ್ನು ಹೇಳುವ ರೂಪ. ಅದು ಕಟ್ಟಿಕೊಂಡಿರುವುದು ಆಗಿಹೋದ ರೂಪದ ಮೇಲೆ, ನೋಡುವುದು ಮುಂದಕ್ಕೆ. ಮಳೆ ಬಂದೀತು, ಛತ್ರಿ ತಗೋ. ಪಾತ್ರೆ ಬಿಸಿ ಇದೆ, ಕೈ ಸುಟ್ಟೀತು. ಮಕ್ಕಳು ಕಾಂಪೌಂಡ್ ಹತ್ತಿದಾಗ "ಏಯ್, ಬಿದ್ದೀಯಾ!" ಅಂತ ಕೂಗುತ್ತೇವಲ್ಲ, ಅದೂ ಇದೇ. ಬೀಳ್ತೀಯಾ ಅಂದರೂ ತಪ್ಪಿಲ್ಲ. ಆದರೆ ಬಿದ್ದೀಯಾ ಅನ್ನುವುದರಲ್ಲಿ ಹೆದರಿಕೆಯೂ ಇದೆ, ಅಕ್ಕರೆಯೂ ಇದೆ. ಕಲಿಯುವವರಿಗೆ ಬರಬಹುದು ಸಾಕು, ಅದು ಎಲ್ಲ ಕಡೆ ನಡೆಯುತ್ತದೆ. ಆದರೆ ಬಂದೀತು ಕಿವಿಗೆ ಬಿದ್ದಾಗ ಗುರುತು ಸಿಗಬೇಕು. ಬೆಂಗಳೂರಿನ ಹೊಸ ಮನೆಗಳಲ್ಲಿ ಈ ರೂಪ ಕಡಿಮೆಯಾಗುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ನಾನು ಬೇಕಂತಲೇ ಜಾಸ್ತಿ ಬಳಸುತ್ತೇನೆ.

ಬಂದ ಅನ್ನುವ ಮಾತಿನ ಸುತ್ತಲೇ ಇನ್ನೊಂದು ಪ್ರಶ್ನೆ. ಆಟೋ ಬುಕ್ ಮಾಡಿ "ಎಲ್ಲಿದ್ದೀರಾ?" ಅಂತ ಕೇಳಿದರೆ ಡ್ರೈವರ್ "ಬಂದೆ ಬಂದೆ" ಅನ್ನುತ್ತಾರೆ. ಬಂದಿರುವುದಿಲ್ಲ. ಇದು ಸುಳ್ಳಲ್ಲವಾ ಅಂತ ಲಕ್ನೋದವರು ಕೇಳಿದ್ದರು. ಸುಳ್ಳಲ್ಲ. ಹೊರಟಾಗಿದೆ, ಇನ್ನು ಅದು ತಪ್ಪುವುದಿಲ್ಲ ಅನ್ನುವಾಗ ಕನ್ನಡದಲ್ಲಿ ಆಗಿಹೋದ ರೂಪ ಬಳಸುತ್ತೇವೆ. ದೂರದಲ್ಲಿ ಬಸ್ಸಿನ ಮುಖ ಕಂಡ ಕೂಡಲೇ "ಬಸ್ ಬಂತು" ಅನ್ನುತ್ತೇವೆ, ಅದು ಇನ್ನೂ ಸಿಗ್ನಲ್ಲಿನ ಆಚೆ ಇರುತ್ತದೆ. ಅಡುಗೆಮನೆಯಿಂದ "ಆಯ್ತು, ಬಡಿಸಿದೆ" ಅಂತ ಕೇಳಿಸುತ್ತದೆ, ತಟ್ಟೆ ಇನ್ನೂ ಶೆಲ್ಫಿನಲ್ಲಿರುತ್ತದೆ.

ಭವಿಷ್ಯತ್ ಕಾಲದ ಗೋಜಲು ಕೂಡ ಇಲ್ಲೇ ಬಿಡಿಸಬಹುದು. ಸ್ಕೂಲಿನ ವ್ಯಾಕರಣದಲ್ಲಿ ಬರುವೆನು, ಬರುವನು, ಬರುವರು ಅಂತ ಒಂದು ಪಟ್ಟಿ ಇರುತ್ತದೆ. ಕಲಿಯುವವರು ಅದನ್ನು ಬಾಯಿಪಾಠ ಮಾಡಿ ಬಂದು ತರಕಾರಿ ಅಂಗಡಿಯಲ್ಲಿ "ನಾನು ನಾಳೆ ಬರುವೆನು" ಅನ್ನುತ್ತಾರೆ. ಅಂಗಡಿಯವರು ನಾಟಕ ನೋಡಿದ ಹಾಗೆ ನೋಡುತ್ತಾರೆ. ಮಾತಿನಲ್ಲಿ ನಮಗೆ ಆ ಪಟ್ಟಿ ಬೇಕಾಗುವುದೇ ಇಲ್ಲ. "ದಿನಾ ಬರ್ತೀನಿ", "ನಾಳೆ ಬರ್ತೀನಿ", ಎರಡಕ್ಕೂ ರೂಪ ಒಂದೇ, ಯಾವಾಗ ಅನ್ನುವುದನ್ನು ದಿನಾ ಮತ್ತು ನಾಳೆ ಹೇಳುತ್ತವೆ. ಆಗಿದ್ದು ಒಂದು ಕಡೆ, ಆಗದೇ ಇರುವುದೆಲ್ಲಾ ಇನ್ನೊಂದು ಕಡೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು, ಸಂಸ್ಕೃತದ ಅಚ್ಚಿನಲ್ಲಿ ಹಾಕಿದ್ದು ಸಾಲದು ಅಂತ ವರ್ಷಗಟ್ಟಲೆ ವಾದಿಸಿದರು. ಅವರ ಎಲ್ಲ ಮಾತನ್ನೂ ಎಲ್ಲರೂ ಒಪ್ಪಿಲ್ಲ, ಅವರು ಅಕ್ಷರಗಳ ಬಗ್ಗೆ ಹೇಳಿದ್ದಕ್ಕೆ ದೊಡ್ಡ ಜಗಳವೇ ಆಗಿದೆ. ಆದರೆ ಹೊಸಬರಿಗೆ ಕಲಿಸಲು ಕೂತಾಗ ಈ ಒಂದು ಮಾತು ಎಷ್ಟು ಸರಿ ಅನ್ನುವುದು ಗೊತ್ತಾಗುತ್ತದೆ.

ಪದಗಳ ಆಯ್ಕೆಯ ಪ್ರಶ್ನೆಗಳು ಇನ್ನೂ ಮಜವಾಗಿರುತ್ತವೆ. ಮೈಮೇಲೆ ಏನನ್ನಾದರೂ ಹಾಕಿಕೊಳ್ಳುವುದಕ್ಕೆ ಎಷ್ಟು ಕ್ರಿಯಾಪದ ಇವೆ ನೋಡಿ. ಸೀರೆ ಉಡುತ್ತಾರೆ, ಪಂಚೆ ಉಡುತ್ತಾರೆ. ಹೂವು ಮುಡಿಯುತ್ತಾರೆ. ಬಳೆ ತೊಡುತ್ತಾರೆ. ಶಾಲು ಹೊದೆಯುತ್ತಾರೆ. ವಾಚು ಕಟ್ಟುತ್ತಾರೆ. ಕುಂಕುಮ ಇಡುತ್ತಾರೆ. ಶರ್ಟು, ಚಪ್ಪಲಿ, ಕನ್ನಡಕ, ಹೆಲ್ಮೆಟ್ ಎಲ್ಲಾ ಹಾಕುತ್ತಾರೆ. ಇದನ್ನು ಪಟ್ಟಿ ಮಾಡಿ ಕೊಟ್ಟರೆ ಯಾರೂ ನೆನಪಿಡುವುದಿಲ್ಲ. ಕೈ ಏನು ಮಾಡುತ್ತದೆ ಅಂತ ನೋಡಲು ಹೇಳಿ. ಸೊಂಟಕ್ಕೆ ಸುತ್ತಿದರೆ ಉಡುವುದು, ಮುಡಿಗೆ ಹೋದರೆ ಮುಡಿಯುವುದು, ಮೈಮೇಲೆ ಹರಡಿದರೆ ಹೊದೆಯುವುದು, ಬಿಗಿದರೆ ಕಟ್ಟುವುದು, ಹಣೆಗೆ ಬೆರಳು ಒತ್ತಿದರೆ ಇಡುವುದು. ಯಾವುದೂ ನೆನಪಾಗದಿದ್ದರೆ ಹಾಕು ಅಂದುಬಿಡಿ, ಬೆಂಗಳೂರಿನಲ್ಲಿ ಅರ್ಧ ಜನ ಸೀರೆಗೂ ಅದನ್ನೇ ಅನ್ನುತ್ತಾರೆ. ಆದರೆ "ಸೀರೆ ಚೆನ್ನಾಗಿ ಉಟ್ಟಿದ್ದೀರ" ಅಂತ ಕೋಲ್ಕತ್ತಾದ ಹುಡುಗಿ ನಮ್ಮ ಅತ್ತಿಗೆಗೆ ಹೇಳಿದಾಗ ಅತ್ತಿಗೆಯ ಮುಖ ನೀವು ನೋಡಬೇಕಿತ್ತು.

ಹಾಕು ಬೇರೆ, ಹಾಕ್ಕೋ ಬೇರೆ. ಮಗುಗೆ ಬಟ್ಟೆ ಹಾಕು, ನೀನು ಬಟ್ಟೆ ಹಾಕ್ಕೋ. ಫಲ ಯಾರಿಗೆ ಸೇರುತ್ತದೆ ಅನ್ನುವುದನ್ನು ಈ ಬಾಲ ಹೇಳುತ್ತದೆ. ಬ್ಯಾಂಕಿನಲ್ಲಿ "ಇದನ್ನ ಬರ್ಕೊಳ್ಳಿ" ಅಂದರೆ ನಿಮಗೆ ಬೇಕಾದೀತು, ಗುರುತು ಮಾಡಿಕೊಳ್ಳಿ ಅಂತ. "ಇದನ್ನ ಬರ್ಕೊಡಿ" ಅಂದರೆ ಬರೆದು ನಮ್ಮ ಕೈಗೆ ಕೊಡಿ ಅಂತ. ಬೇಗ ಆಡಿದಾಗ ಎರಡೂ ಹತ್ತಿರ ಹತ್ತಿರ ಕೇಳಿಸುತ್ತವೆ. ಕಲಿಯುವವರು ಕೌಂಟರಿನ ಮುಂದೆ ತಬ್ಬಿಬ್ಬಾಗುವುದು ಇಂಥ ಕಡೆಯೇ, ದೊಡ್ಡ ದೊಡ್ಡ ಪದಗಳಲ್ಲಿ ಅಲ್ಲ.

ಒಡೆ, ಮುರಿ, ಹರಿ ಕೂಡ ಹೀಗೇ. ನಾನು ಒಂದೇ ವಾಕ್ಯ ಕೊಡುತ್ತೇನೆ: ಬೈಕಿಂದ ಬಿದ್ದು ಕಾಲು ಮುರ್ಕೊಂಡ, ತಲೆ ಒಡ್ಕೊಂಡ, ಪ್ಯಾಂಟ್ ಹರ್ಕೊಂಡ. ಉದ್ದಕ್ಕೆ ಗಟ್ಟಿಯಾಗಿರುವುದು ಮುರಿಯುತ್ತದೆ, ಒಳಗೆ ಏನನ್ನೋ ಹಿಡಿದಿಟ್ಟುಕೊಂಡದ್ದು ಒಡೆಯುತ್ತದೆ, ತೆಳ್ಳಗಿರುವುದು ಹರಿಯುತ್ತದೆ. ಪೆನ್ಸಿಲ್ ಮುರಿಯುತ್ತದೆ, ತೆಂಗಿನಕಾಯಿ ಒಡೆಯುತ್ತದೆ, ಕಾಗದ ಹರಿಯುತ್ತದೆ. ಹಾಲು ಒಡೆಯುತ್ತದೆ, ಮದುವೆ ಮಾತುಕತೆ ಮುರಿದುಬೀಳುತ್ತದೆ. ಆ ಮೂರು 'ಕೊಂಡ'ಗಳೂ ನೋಡಿ. ಅವನು ಬೇಕಂತ ಮಾಡಿದ್ದಲ್ಲ, ಆದರೂ ಅನುಭವಿಸಿದ್ದು ಅವನೇ.

ಮರ್ಯಾದೆಯ ವಿಷಯದಲ್ಲಿ ಕಲಿಯುವವರು ಬಹಳ ಹೆದರುತ್ತಾರೆ. ಹೆದರಬೇಕಾದ ಕಡೆಯೂ ಇದೆ. ಆಫೀಸಿನ ಹುಡುಗರಿಂದ ಕಲಿತವರು "ಬಾ ಗುರು", "ಏನ್ ಮಗಾ" ಅನ್ನುವುದನ್ನು ಎಲ್ಲರ ಮೇಲೂ ಪ್ರಯೋಗಿಸುತ್ತಾರೆ. ಅರುವತ್ತು ದಾಟಿದ ಆಟೋ ಡ್ರೈವರಿಗೆ "ಮಲ್ಲೇಶ್ವರಕ್ಕೆ ಬರ್ತೀಯಾ?" ಅಂದರೆ ಅವರು ಬರುವುದಿಲ್ಲ, ಅವರದ್ದೇನೂ ತಪ್ಪಿಲ್ಲ. "ಬರ್ತೀರಾ ಸಾರ್?" ಅನ್ನಿ, "ಬರ್ತೀರಾ ಅಣ್ಣಾ?" ಅನ್ನಿ. ಗೊತ್ತಿಲ್ಲದವರಿಗೆ ಯಾವಾಗಲೂ ನೀವು. ಅದರಲ್ಲಿ ಯೋಚಿಸುವುದೇನೂ ಇಲ್ಲ. ಯೋಚಿಸಬೇಕಾದ್ದು ಮನೆಯೊಳಗೆ. ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ನೀನು, ಅಪ್ಪನಿಗೆ ನೀವು. ಕೆಲವು ಮನೆಗಳಲ್ಲಿ ಇಬ್ಬರಿಗೂ ನೀವು, ಇನ್ನು ಕೆಲವು ಕಡೆ ಇಬ್ಬರಿಗೂ ನೀನು. ದೇವರಿಗೆ ಮಾತ್ರ ಎಲ್ಲರೂ ನೀನು ಅನ್ನುತ್ತೇವೆ. ಕನ್ನಡದ ಮನೆಗೆ ಸೊಸೆಯಾಗಿ ಬಂದವರು ಒಬ್ಬರು, ಗಂಡ ಅಮ್ಮನಿಗೆ ನೀನು ಅನ್ನುವುದನ್ನು ಕೇಳಿ ತಾವೂ ಅತ್ತೆಗೆ ನೀನು ಅನ್ನಬೇಕಾ ಅಂತ ಕೇಳಿದರು. ಬೇಡ. ಅತ್ತೆಗೆ ನೀವು. ಮಗನ ನೀನು ಸಲಿಗೆಯಿಂದ ಬಂದದ್ದು, ಸೊಸೆಗೆ ಆ ಸಲಿಗೆಯನ್ನು ಅತ್ತೆಯೇ ಕೊಡಬೇಕು.

ದಯವಿಟ್ಟು ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅದು ಬೋರ್ಡಿನ ಮೇಲೆ, ಮೈಕಿನಲ್ಲಿ, ಪತ್ರದಲ್ಲಿ ಇರುತ್ತದೆ. ಊಟದ ಎಲೆಯ ಮುಂದೆ "ದಯವಿಟ್ಟು ಉಪ್ಪು ಕೊಡಿ" ಅಂದರೆ ಪ್ರಕಟಣೆ ಓದಿದ ಹಾಗಾಗುತ್ತದೆ. "ಸ್ವಲ್ಪ ಉಪ್ಪು ಕೊಡ್ತೀರಾ?" ಅನ್ನಿ. ಆ ಸ್ವಲ್ಪ ಉಪ್ಪಿನ ಅಳತೆ ಅಲ್ಲ, ಕೇಳುವ ದನಿಯನ್ನು ಮೆತ್ತಗೆ ಮಾಡುವ ಮಾತು. "ಸ್ವಲ್ಪ ಜರುಗಿ", "ಸ್ವಲ್ಪ ಬಾಗಿಲು ತೆಗೀರಿ" ಎಲ್ಲಾ ಹೀಗೇ.

ತೆಲುಗು ಮತ್ತು ತಮಿಳಿನವರು ಕೇಳುವ ಪ್ರಶ್ನೆ ಒಂದಿದೆ. ನಾವು ಅನ್ನುವುದಕ್ಕೆ ಅವರಲ್ಲಿ ಎರಡೆರಡು ಮಾತಿವೆ. ತೆಲುಗಿನಲ್ಲಿ ಮನಂ ಅಂದರೆ ಕೇಳುತ್ತಿರುವ ನೀವೂ ಸೇರಿ, ಮೇಮು ಅಂದರೆ ನೀವು ಬಿಟ್ಟು. ತಮಿಳಿನ ನಾಮ್, ನಾಂಗಳ್ ಕೂಡ ಹಾಗೆ. ನಮ್ಮ ಪಕ್ಕದ ತುಳುವಿನಲ್ಲೂ ಈ ಭೇದ ಇದೆ. ಕನ್ನಡದಲ್ಲಿ ಒಂದೇ ನಾವು. ಹಾಗಾದರೆ "ನಾವು ಸಿನಿಮಾಗೆ ಹೋಗ್ತೀವಿ" ಅಂದಾಗ ನನ್ನನ್ನೂ ಕರೆದರಾ ಇಲ್ಲವಾ? ಇಲ್ಲಿ ಕ್ರಿಯಾಪದ ನೋಡಬೇಕು. ಹೋಗೋಣ ಅಂದರೆ ನೀವು ಖಂಡಿತ ಸೇರಿದ್ದೀರಿ, ಕೇಳುವವರನ್ನು ಬಿಟ್ಟು ಹೋಗೋಣ ಅನ್ನಲು ಆಗುವುದೇ ಇಲ್ಲ. ಹೋಗ್ತೀವಿ ಅಂದರೆ ಸಾಮಾನ್ಯವಾಗಿ ಸೇರಿಲ್ಲ, ಜೊತೆಗೆ "ನೀವೂ ಬನ್ನಿ" ಅಂದರೆ ಮಾತ್ರ ಕರೆದ ಹಾಗೆ. ವಿಜಯವಾಡದವರಿಗೆ ಇದನ್ನು ಹೇಳಿದ ಮೇಲೆ ಅವರು ಆಫೀಸಿನಲ್ಲಿ ಯಾರು 'ಹೋಗೋಣ' ಅಂತಾರೆ ಯಾರು 'ಹೋಗ್ತೀವಿ' ಅಂತಾರೆ ಅಂತ ಕಿವಿಗೊಟ್ಟು ಕೇಳತೊಡಗಿದರು.

ಇದೇ ತರಹ ಯಾರು ಯಾರು ಅನ್ನುವ ಗೊಂದಲ 'ಅಂತ', 'ಅಂದ' ಬಂದಾಗ. "ಅಣ್ಣ ನಾನು ಬರಲ್ಲ ಅಂದ." ಬರದೇ ಇರುವುದು ಯಾರು? ಅಣ್ಣ. ನಾವು ಅಣ್ಣನ ಮಾತನ್ನು ಅವನ ಬಾಯಿಂದ ಬಂದ ಹಾಗೇ ಎತ್ತಿ ಇಡುತ್ತೇವೆ, ಅವನ 'ನಾನು' ಅವನದ್ದಾಗಿಯೇ ಉಳಿಯುತ್ತದೆ. "ಅಣ್ಣ ಅವನು ಬರಲ್ಲ ಅಂದ" ಅಂದರೆ ಬರದವನು ಮೂರನೆಯವನು. ಬರೆಯುವಾಗ ಅನುಮಾನ ಬರಬಾರದು ಅಂದರೆ ತಾನು ಇದೆ: ಅಣ್ಣ ತಾನು ಬರುವುದಿಲ್ಲ ಅಂದ. ತಾನು ಅಂದರೆ ಅಣ್ಣನೇ, ಬೇರೆ ಯಾರೂ ಅಲ್ಲ. ಇಷ್ಟು ಚೊಕ್ಕವಾದ ಸಲಕರಣೆ ಕೈಯಲ್ಲಿದ್ದೂ ನಾವು ಮಾತಿನಲ್ಲಿ ಅದನ್ನು ಕಡಿಮೆ ಬಳಸುತ್ತೇವೆ.

ಇಂಥ ಪ್ರಶ್ನೆಗಳು ಹೊರಗಿನವರಿಗೆ ಮಾತ್ರ ಏಳುವುದು ಅಂದುಕೊಳ್ಳಬೇಡಿ. ಪ್ರೊ. ಜಿ. ವೆಂಕಟಸುಬ್ಬಯ್ಯ 1991ರಲ್ಲಿ ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದಾಗ ಪದಗಳ ಬಗ್ಗೆ ಪತ್ರ ಬರೆದು ಕೇಳಿದವರು ಕನ್ನಡ ಓದಿ ಬೆಳೆದವರೇ. ವರ್ಷಗಳ ಕಾಲ ಅವರು ಓದುಗರ ಪ್ರಶ್ನೆಗಳಿಗೆ ಉತ್ತರ ಬರೆದರು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದವರು ಅವರು. 2021ರಲ್ಲಿ ಇದೇ ಬೆಂಗಳೂರಿನಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂಥ ವಿದ್ವಾಂಸರು ಸಾಮಾನ್ಯ ಓದುಗರ ಸಣ್ಣ ಪ್ರಶ್ನೆಗೂ ಕೂತು ಉತ್ತರ ಬರೆದಿದ್ದಾರೆ. ನಮಗೆ ಪಕ್ಕದ ಫ್ಲ್ಯಾಟಿನವರಿಗೆ ಎರಡು ನಿಮಿಷ ಕೊಡಲು ಏನು ಕಷ್ಟ?

ಯಾವ ಕನ್ನಡ ಸರಿ ಅಂತಲೂ ಕೇಳುತ್ತಾರೆ. ಕೆಲಸಕ್ಕೆ ಬರುವ ಅಕ್ಕ ಮಂಡ್ಯದವರು, ಐತೆ ಅನ್ನುತ್ತಾರೆ, ಬತ್ತೀನಿ ಅನ್ನುತ್ತಾರೆ. ಆಫೀಸಿನಲ್ಲಿ ಮಂಗಳೂರಿನವರು ಉಂಟು ಅನ್ನುತ್ತಾರೆ. ಕಲಬುರಗಿಯವರು ಅದ ಅನ್ನುತ್ತಾರೆ. ಪುಸ್ತಕದಲ್ಲಿ ಇದೆ ಅಂತ ಇರುತ್ತದೆ. ಎಲ್ಲವೂ ಸರಿ. ಐತೆ ಅನ್ನುವುದು ಕೆಟ್ಟುಹೋದ ಇದೆ ಅಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕಲಿಯುವವರ ಮುಂದೆಯೇ "ಅವರದು ಅಶುದ್ಧ, ಅದನ್ನ ಕಲೀಬೇಡಿ" ಅನ್ನುವ ಕನ್ನಡದವರನ್ನು ನೋಡಿದ್ದೇನೆ, ನನಗೆ ಸಿಟ್ಟು ಬರುತ್ತದೆ. ನಿಮ್ಮ ಸುತ್ತ ಹೆಚ್ಚು ಕಿವಿಗೆ ಬೀಳುವ ಕನ್ನಡ ಯಾವುದೋ ಅದನ್ನು ಮೊದಲು ಬಾಯಿಗೆ ತಂದುಕೊಳ್ಳಿ. ಬರಹದ ರೂಪ ಆಮೇಲೆ ಬರುತ್ತದೆ, ಓದುತ್ತಾ ಓದುತ್ತಾ.

ಕೊನೆಯದಾಗಿ ಕನ್ನಡದವರಿಗೆ ಒಂದು ಮಾತು. ಎದುರಿಗಿರುವವರು ತಡವರಿಸಿದ ಕೂಡಲೇ ನಾವು ಇಂಗ್ಲಿಷಿಗೋ ಹಿಂದಿಗೋ ಹಾರುತ್ತೇವೆ. ಸಹಾಯ ಅಂತಲೇ ಮಾಡುತ್ತೇವೆ, ಆದರೆ ಅವರಿಗೆ ಮಾತಾಡುವ ಜಾಗವೇ ಇಲ್ಲದ ಹಾಗಾಗುತ್ತದೆ. ಗಾಂಧಿ ಬಜಾರಿನಲ್ಲಿ ಹೂವು ಮಾರುವ ಒಬ್ಬರು ಹಾಗೆ ಮಾಡುವುದಿಲ್ಲ. ನಮ್ಮ ಜೊತೆ ಬಂದಿದ್ದ ಪುಣೆಯವರು "ಒಂದು ಮೀಟರ್ ಮಲ್ಲಿಗೆ ಬೇಕು" ಅಂದರು. "ಮೊಳ ಅನ್ನಮ್ಮ. ಎಷ್ಟು ಮೊಳ ಬೇಕು?" ಅಂತ ಮೊಣಕೈಯಿಂದ ಬೆರಳ ತುದಿಯವರೆಗೆ ದಾರ ಹಿಡಿದು ತೋರಿಸಿದರು. "ಎರಡು ಮೊಳ" ಅಂದರು ಇವರು. ಅಲ್ಲಿಗೆ ಪಾಠ ಮುಗಿಯಿತು.

ತಪ್ಪು ಅಂತ ತೋರಿಸಿ ಹೇಳಬೇಕಾಗಿಲ್ಲ, ಸರಿಯಾದ ವಾಕ್ಯವನ್ನು ಮಾತಿನ ನಡುವೆಯೇ ವಾಪಸ್ ಕೊಟ್ಟರೆ ಸಾಕು. ಹಸಿವು, ಜ್ವರ, ಚಳಿ, ಸಿಟ್ಟು, ನಿದ್ದೆ ಇವೆಲ್ಲಾ ಕನ್ನಡದಲ್ಲಿ ನಾವು ಮಾಡುವುದಲ್ಲ, ನಮಗೆ ಆಗುವುದು, ನಮಗೆ ಬರುವುದು. ಹೊಸಬರಿಗೆ ಅದು ಬೇಗ ಹಿಡಿಯುವುದಿಲ್ಲ. ಮೊನ್ನೆ ಲಿಫ್ಟಿನಲ್ಲಿ ಕೊಚ್ಚಿಯವರು ಸಿಕ್ಕಿದರು, ಮುಖ ಬಾಡಿತ್ತು. "ನಾನು ಜ್ವರ ಇದೆ" ಅಂದರು.

"ಅಯ್ಯೋ, ನಿಮಗೆ ಜ್ವರ ಬಂದಿದ್ಯಾ? ಯಾವಾಗಿಂದ?"

"ನನಗೆ ನಿನ್ನೆ ಸಂಜೆಯಿಂದ ಬಂದಿದೆ. ಡಾಕ್ಟರ ಹತ್ತಿರ ಹೋಗ್ತಾ ಇದೀನಿ."